ಮೂವತ್ತೆರಡು ಪೆಟ್ಟು

ಚರ್ಚಿನ ಹಿಂದಿನ ಮನೆ
೧೪ನೇ ತಾರೀಖು, ಗುರುವಾರ, ಮಧ್ಯಾಹ್ನ ಮೂರು ಗಂಟೆ

ಮುದ್ದು ಮಗನೇ,

ಹೇಗಿದ್ದೀಯೋ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ, ಆ ಹಾಳು ಕೆಮ್ಮು ಬಿಟ್ಟಿತೇ? ನಾನು ಚೆನ್ನಾಗಿದ್ದೇನೆ. ಹೋದ ವಾರ ಐವತ್ತೆಂಟು ತುಂಬಿತು, ಮೊಣಕಾಲಿಗೆ ಮಾತ್ರ ಎಂಬತ್ತಾಗಿದೆ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಬರೆಯುವುದರಲ್ಲಿ ನೀನು ಹುಟ್ಟು ಸೋಮಾರಿ ಎಂದು ಗೊತ್ತಿದ್ದರೂ ಹೆತ್ತ ಹೊಟ್ಟೆ ಕೇಳಬೇಕಲ್ಲ. ಇದನ್ನು ನಿಮ್ಮ ಕಂಪನಿಯ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಕೈಗೆ ಸಿಕ್ಕ ಕೂಡಲೇ ಎರಡು ಸಾಲು ಬರೆ. ಇಷ್ಟು ಗಾಬರಿ ಯಾಕೆ ಎಂದು ಮುಂದೆ ಓದಿದರೆ ತಿಳಿಯುತ್ತದೆ.

ಹೋದ ವಾರ, ಸೋಮವಾರ ಸಂಜೆ ನಾಲ್ಕಕ್ಕೆ ಸಾವಿನ ಗಂಟೆ ಬಡಿಯಿತು. ಸತ್ತವರ ವಯಸ್ಸೆಷ್ಟೋ ಅಷ್ಟು ಪೆಟ್ಟು ಹೊಡೆಯುವುದು ನಮ್ಮ ಚರ್ಚಿನ ಪದ್ಧತಿ. ನಿನಗೆ ಹೇಳಬೇಕೇ, ನೀನು ಅಂಕಿ ಕಲಿತದ್ದೇ ಅದನ್ನು ಎಣಿಸಿ. ನಾನು ಪಾತ್ರೆ ತೊಳೆಯುತ್ತಲೇ ಎಣಿಸಿದೆ. ಮೂವತ್ತೆರಡು. ನಿನ್ನ ವಯಸ್ಸು. ಆದರೆ ಬೀದಿಯಲ್ಲಿ ಯಾರೂ ಸತ್ತಿರಲಿಲ್ಲ. ಫಾದರ್ ಓಡಿಹೋಗಿ ನೋಡಿದರೆ ಗೋಪುರದಲ್ಲಿ ನರಪಿಳ್ಳೆ ಇಲ್ಲ, ಹಗ್ಗ ಮಾತ್ರ ತೂಗಾಡುತ್ತಿತ್ತಂತೆ. ಮಂಗಳವಾರ, ಬುಧವಾರ, ಹೀಗೆ ದಿನವೂ ನಾಲ್ಕಕ್ಕೆ ಸರಿಯಾಗಿ ಅದೇ ಮೂವತ್ತೆರಡು. ಬ್ರೆಡ್ಡಿನ ಅಂಗಡಿಯವಳು ತನ್ನ ಅಳಿಯನನ್ನು ಹೊಸಿಲು ದಾಟಲು ಬಿಡಲಿಲ್ಲ. ಟೈಲರ್ ತನಗೆ ಮೂವತ್ತಮೂರು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಸದ್ದು ಕೇಳಿದರೆ ಸಾಕು, ನಾನು ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದೆ.

ಕೊನೆಗೆ ಫಾದರ್ ದೆವ್ವ ಪತ್ತೆಮಾಡುವವರನ್ನು ಕರೆಸಿದರು. ಮೊನ್ನೆ ಮಂಗಳವಾರ ಬೆಳಿಗ್ಗೆ ಮೂವರು ಬಂದರು, ಜೊತೆಗೆ ಒಂದು ವ್ಯಾನ್ ತುಂಬ ವೈರು, ಕ್ಯಾಮೆರಾ, ಶೀತ ಅಳೆಯುವ ಡಬ್ಬಿಗಳು. ಸಮಾಧಿಗೊಂದು ಡಬ್ಬಿ ಇಟ್ಟರು. ನಿನ್ನ ಅಜ್ಜಿಯ ತಲೆಯ ಮೇಲೂ ಒಂದು. ಅವಳು ಬದುಕಿದ್ದಿದ್ದರೆ ಪೊರಕೆ ತಗೊಂಡು ಅಟ್ಟಿಸುತ್ತಿದ್ದಳು. ಅವರ ಮುಖ್ಯಸ್ಥೆ ಕನ್ನಡಕದ ಹೆಂಗಸು, ಒಳ್ಳೆಯವಳೇ. ಇಲ್ಲಿ ಯಾರಾದರೂ ಸಿಟ್ಟಿನಲ್ಲಿ ಸತ್ತಿದ್ದಾರೆಯೇ ಎಂದು ಪಿಸುದನಿಯಲ್ಲಿ ಕೇಳಿದಳು. ಮುನ್ನೂರು ವರ್ಷದ ಚರ್ಚು, ಖುಷಿಯಾಗಿ ಸತ್ತವರನ್ನು ಹುಡುಕುವುದೇ ಕಷ್ಟ ಎಂದೆ. ನಾಲ್ಕಕ್ಕೆ ನಾವೆಲ್ಲ ಬೆಂಚುಗಳಲ್ಲಿ ಕೂತಿದ್ದೆವು. ತಲೆಯ ಮೇಲೆ ಮೊದಲ ಪೆಟ್ಟು ಬಿತ್ತು. ನಾನು ಕಣ್ಣು ಮುಚ್ಚಿ, ಇನ್ನೊಂದೇ ಒಂದು ಪೆಟ್ಟು ಜಾಸ್ತಿ ಬೀಳಲಿ ದೇವರೇ ಎಂದು ಬೇಡಿಕೊಂಡೆ. ಮೂವತ್ತೆರಡಕ್ಕೇ ನಿಂತಿತು.

ಆಮೇಲೆ ಕ್ಯಾಮೆರಾದಲ್ಲಿ ಮೊದಲ ಕೆಲವು ಪೆಟ್ಟುಗಳನ್ನು ನೋಡಿದೆವು, ಅಷ್ಟೇ ಸಾಕಾಯಿತು. ಹಗ್ಗ ಎಳೆಯುತ್ತಿದ್ದವರು ನಿನ್ನ ಅಪ್ಪ. ನಾನು ಹೆಣೆದ ಬೂದು ಸ್ವೆಟರ್, ಕಾಲಲ್ಲಿ ಮನೆಯ ಚಪ್ಪಲಿ. ಲೆಕ್ಕ ತಪ್ಪದಿರಲೆಂದು ಪೆಟ್ಟಿಗೊಂದರಂತೆ ಎಡಜೇಬಿನ ಕಲ್ಲನ್ನು ಬಲಜೇಬಿಗೆ ಹಾಕುವ ಅದೇ ಹಳೆಯ ಅಭ್ಯಾಸ. ಮರೆವು ಹೆಚ್ಚಾಗಿ ಅವರು ಚರ್ಚಿನ ಗಂಟೆ ಹೊಡೆಯುವ ಕೆಲಸ ಬಿಟ್ಟು ಆರು ತಿಂಗಳಾಯಿತಲ್ಲ. ಸಂಜೆ ಸಮಾಧಿಗಳ ನಡುವೆ ಕಳೆ ಕೀಳುತ್ತಿದ್ದಾರೆಂದೇ ನಾನು ನಂಬಿದ್ದೆ. ಗೋಪುರಕ್ಕೆ ಸ್ಮಶಾನದ ಕಡೆಯಿಂದ ಇರುವ ಚಿಕ್ಕ ಬಾಗಿಲಿನ ಬೀಗದ ಕೈಯನ್ನು ಅವರಿಂದ ಇಸಿದುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮನೆಗೆ ಕರೆತಂದು, ಯಾಕ್ರೀ ಹೀಗೆ ಮಾಡಿದ್ರಿ ಎಂದು ಕೇಳಿದರೆ, "ಎರಡು ತಿಂಗಳಾಯ್ತು, ಕಾಗದ ಇಲ್ಲ. ಸತ್ತೋನಿಗೆ ಗಂಟೆ ಹೊಡೀಬೇಡ್ವೇನೇ?" ಅಂದರು. ನಾನು ಬೈದೆ, ಆಮೇಲೆ ಅತ್ತೆ. ಕಲ್ಲುಗಳನ್ನು ಮೇಜಿನ ಮೇಲೆ ಸುರಿದು, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿಕೊಂಡೆ. ನಿನ್ನೆ ಗಂಟೆ ಬಡಿಯಲಿಲ್ಲ.

ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ವ್ಯಾನ್ ಹತ್ತುವ ಮುಂಚೆ ಕನ್ನಡಕದ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಫಾದರ್‌ಗೆ ಹೇಳ್ಬೇಡಿ. ಕೊನೇವರೆಗೂ ನೋಡಿದ್ದು ನಾನೊಬ್ಳೇ. ಇಪ್ಪತ್ತನೇ ಪೆಟ್ಟಿಗೆ ನಿಮ್ಮೆಜಮಾನ್ರು ಸುಸ್ತಾಗಿ ಹಗ್ಗ ಬಿಟ್ಟು ಕೂತ್ಬಿಟ್ರು. ಉಳಿದ ಹನ್ನೆರಡು ಅವ್ರು ಹೊಡೆದಿದ್ದಲ್ಲ" ಅಂದಳು. ತೂಗಾಟದ ರಭಸಕ್ಕೆ ತಾನಾಗಿಯೇ ಬಡಿದಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನು ಬದುಕಿದ್ದೀಯ ಎಂದು ನಿನ್ನ ಕೈಬರಹದಲ್ಲಿ ಬಂದರೆ ಅಪ್ಪನಿಗೆ ತೋರಿಸುತ್ತೇನೆ, ನಾನೂ ನಿದ್ದೆ ಮಾಡುತ್ತೇನೆ.

ತಲೆಗೆ ಎಣ್ಣೆ ಹಚ್ಚಿಕೋ, ಒದ್ದೆ ಬಟ್ಟೆಯಲ್ಲಿ ನಿಲ್ಲಬೇಡ. ನೂರು ಕಾಲ ಬಾಳು ಕಂದ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗಂಟೆ ಶುರುವಾಯಿತು. ಬೀಗದ ಕೈ ನನ್ನ ಕೊರಳಲ್ಲೇ ಇದೆ. ನಿನ್ನ ಅಪ್ಪ ಎದುರಿನ ಕುರ್ಚಿಯಲ್ಲೇ ಇದ್ದಾರೆ, ಅವರ ಕೈ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕಲ್ಲು ಸರಿಸುತ್ತಾ ಎಣಿಸಿದೆ. ಮೂವತ್ತೆರಡಕ್ಕೆ ಕಲ್ಲು ಮುಗಿಯಿತು, ಗಂಟೆ ಮುಗಿಯಲಿಲ್ಲ. ನೀನಲ್ಲ ಮಗನೇ, ನೀನಲ್ಲ! ಬಾಯಲ್ಲೇ ಎಣಿಸುತ್ತಾ ಹೋದೆ. ಐವತ್ತೆಂಟಕ್ಕೆ ನಿಂತಿತು. ಕಾಗದ ಬರೆಯುತ್ತಾ ಕೂರಬೇಡ, ರಜೆ ಹಾಕಿ ಹೊರಟು ಬಾ. ಅಪ್ಪನ ಮಾತ್ರೆಗಳು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ನೀಲಿ ಡಬ್ಬಿಯಲ್ಲಿವೆ. ಬೆಳಿಗ್ಗೆ ಒಂದು, ರಾತ್ರಿ ಎರಡು.