ತೊಳೆಯದ ಕಡ್ಲಿಪಲ್ಯ

ಅತ್ತೀ, ನಿಮ್ಮ ಪ್ಯಾಟಿ ಸೊಸಿ ಶಾಂತವ್ವನ ಶರಣು.

ಮದುವೆಯಾಗಿ ಮುದನಾಳಕ್ಕೆ ಬಂದ ಮೊದಲ ಚಳಿಗಾಲ ನಿಮಗೆ ನೆನಪಿರಲೇಬೇಕು. ಹೊಲದಿಂದ ಉಡಿ ತುಂಬ ಕಡ್ಲಿಯ ಎಳೆ ಕುಡಿ ಚಿವುಟಿ ತಂದು ನನ್ನ ಮುಂದೆ ಸುರಿದು, "ಸೋಸಿ ಇಡು" ಎಂದು ಹೇಳಿ ನೀವು ದನ ಕಟ್ಟಲು ಹೋದಿರಿ. ನಾನು ಸುರಪುರದ ಪೇಟೆಯಲ್ಲಿ ಬೆಳೆದವಳು, ದರ್ಜಿಯ ಮಗಳು. ಹೊಲವೆಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು, ಅಷ್ಟೇ. ಅತ್ತೆಯ ಮನೆಯಲ್ಲಿ ಒಳ್ಳೆಯ ಹೆಸರು ಬರಲಿ ಎಂದು ಆ ಪಲ್ಯವನ್ನೆಲ್ಲ ಬುಟ್ಟಿಗೆ ಹಾಕಿ, ನೀರು ತಿಳಿಯಾಗುವ ತನಕ ತಿಕ್ಕಿ ತಿಕ್ಕಿ ತೊಳೆದೆ. ನೀವು ಬಂದವರೇ ಒಂದು ಕುಡಿ ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದಿರಿ.

"ಏನ ಮಾಡೀದಿ ಇದಕ?"

"ತೊಳದೀನ್ರಿ ಅತ್ತಿ."

"ತೊಳದಿ! ಅಯ್ಯ ನನ್ನ ಪ್ಯಾಟಿ ಸೊಸಿ, ಕಡ್ಲಿಪಲ್ಯ ತೊಳದ್ರ ಹುಳಿ ಎಲ್ಲಾ ನೀರಿನಾಗ ಹೋಗ್ತದ. ಇನ್ನ ಇದು ದನದ ಮೇವು. ನಾಳಿ ಹಾಲೂ ತೊಳದ ಕಾಸ್ತಿ ನೀ!"

ನನಗೆ ಅಳು ಬಂದಿತ್ತು. ನೀವು ನಗುತ್ತಲೇ ಆ ಸಪ್ಪೆ ಪಲ್ಯಕ್ಕೆ ಹುಣಸೆಹುಳಿ ಹಿಂಡಿ, ರೊಟ್ಟಿಯ ಜೊತೆ ನನಗೇ ಮೊದಲು ಬಡಿಸಿದಿರಿ. ಆದರೆ ಮಾತು ಓಣಿಯೆಲ್ಲ ಸುತ್ತಿತು. ನಮ್ಮ ಬದುವಿನ ಆಚೆ ಹೊಲವಿರುವ ರಸೂಲ್‌ಸಾಬರ ಹೆಂಡತಿ ಚಾಂದ್‌ಬಿ ಇದ್ದಾಳಲ್ಲ, ಅವಳು ಇವತ್ತಿಗೂ ಬೆಳಗ್ಗೆ ಎದುರಾದರೆ ಕೇಳುವುದು ಅದನ್ನೇ: "ಹಾಲು ತೊಳಿದ್ಯಾ ಶಾಂತವ್ವಾ?"

ಎಳ್ಳ ಅಮಾವಾಸ್ಯೆಯ ಚರಗ ನೀವು ಚೆಲ್ಲುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಸಜ್ಜಿ ರೊಟ್ಟಿ, ಕಡಬು, ಎಲ್ಲ ಸೊಪ್ಪು ಎಲ್ಲ ಹಸಿಕಾಳು ಕೂಡಿಸಿ ಕುದಿಸಿದ ಭಜ್ಜಿ. ಹೊಲದ ನಾಲ್ಕೂ ಮೂಲೆಗೆ ಅದನ್ನು ಚೆಲ್ಲುತ್ತ ಹೋಗುವಾಗ ನಿಮ್ಮ ನಡಿಗೆಯೇ ಬೇರೆ ಆಗುತ್ತಿತ್ತು. ಮಲಗಿದವರನ್ನು ಎಬ್ಬಿಸಬಾರದು ಎನ್ನುವ ಹಾಗೆ. "ಭೂಮಿತಾಯಿ ಈಗ ಬಸರಿ ಅದಾಳ, ಬಯಕಿ ತೀರಿಸಬೇಕು" ಎನ್ನುತ್ತಿದ್ದಿರಿ. ಅನ್ನಕ್ಕೆ ಇಳಿದ ಹಕ್ಕಿಗಳು ಕಡ್ಲಿಯ ಹುಳವನ್ನೂ ಹೆಕ್ಕಿ ತಿಂದು ಹೋಗುತ್ತಿದ್ದವು. ನಂತರ ನಾವು ಹೆಂಗಸರು ಸಾಲಿನೊಳಗೆ ಕೂತು ಹಸಿ ಕುಡಿ ಚಿವುಟಿ, ರೊಟ್ಟಿಯಲ್ಲಿ ಸುತ್ತಿ, ಹಾಗೇ ತಿನ್ನುತ್ತಿದ್ದೆವು. ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆ ರುಚಿಯನ್ನು ಯಾವ ಮಾತಿನಲ್ಲಿ...

ಹೋದ ವರ್ಷದ ಎಳ್ಳ ಅಮಾವಾಸ್ಯೆಯನ್ನು ನಿಮಗೆ ಹೇಳದೇ ಬಿಡೋಣ ಅಂದುಕೊಂಡಿದ್ದೆ. ಮನಸ್ಸು ಕೇಳುವುದಿಲ್ಲ. ನೀವು ತೊಟ್ಟಿಲಲ್ಲಿ ಬಿಟ್ಟು ಹೋದ ಸುಜಾತಾ, ನನ್ನ ಮಗ ಮಲ್ಲಣ್ಣನ ಮಗಳು, ಮದುವೆಯಾಗಿ ಶಹಾಪುರದ ಕಡೆ ಇದ್ದಾಳೆ. ಅಲ್ಲಿ ನಾಲೆಯ ನೀರು, ಕಣ್ಣು ಹಾಯುವ ತನಕ ಭತ್ತ. ಅನ್ನಕ್ಕೆ ಕೊರತೆ ಇಲ್ಲ, ಆದರೆ ಹೊಲದಲ್ಲಿ ಚಿವುಟಿ ತಿನ್ನುವಂಥದ್ದು ಒಂದೆಲೆ ಇಲ್ಲ. ಹಬ್ಬಕ್ಕೆ ಬಂದವಳು ಹೊಲಕ್ಕೆ ಕಾಲಿಟ್ಟ ಕೂಡಲೇ ಆಸೆಯಿಂದ ಕುಡಿ ಚಿವುಟಿದಳು. ಬದುವಿನ ಮೇಲಿಂದ ಮಲ್ಲಣ್ಣ ಕೂಗಿದ: "ಏ ಸುಜ್ಜೀ, ಒಗಿ ಅದನ್ನ! ನಿನ್ನೆನೇ ಎಣ್ಣಿ ಹೊಡದೀನಿ!" ಹುಳದ ಔಷಧಿಗೆ ನಾವು ಎಣ್ಣೆ ಅಂತಲೇ ಅನ್ನುತ್ತೇವಲ್ಲ. ನಾನು ಅವಳ ಕೈಗೆ ಫಟ್ಟನೆ ಹೊಡೆದೆ. ಕುಡಿ ಮಣ್ಣಿಗೆ ಬಿತ್ತು. ಪಕ್ಕದಲ್ಲೇ ನಾನು ಆಗಷ್ಟೇ ಚೆಲ್ಲಿದ್ದ ಚರಗ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸಿದ್ದೆವು, ಬಡಿಸಿದ ತಟ್ಟೆ ಎಂಥದ್ದು, ಅತ್ತೀ? ಆ ದಿನ ಹಕ್ಕಿ ಅನ್ನಕ್ಕೆ ಇಳಿದಾಗ ನಾನು ಕೈಬೀಸಿ ಓಡಿಸಿದೆ. ಚಾಂದ್‌ಬಿಯ ಮನೆಗೆ ಭಜ್ಜಿಯ ಬಟ್ಟಲನ್ನೂ ಕಳಿಸಲಿಲ್ಲ. ಚರಗದ ದಿನ ಹಕ್ಕಿ ಓಡಿಸಿದ ಸೊಸೆ ನಿಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ನೀವಿದ್ದಾಗ ತೊಳೆಯುವುದು ಎಂದರೆ ನಗೆಯ ಮಾತಾಗಿತ್ತು. ಈಗ ಸಂತೆಯಿಂದ ತಂದ ಮೆಂತೆ, ಬದನೆ, ಹೂಕೋಸು ಎಲ್ಲವನ್ನೂ ಉಪ್ಪುನೀರಿನಲ್ಲಿ ನೆನೆಹಾಕಿ ಕಾಯುತ್ತೇನೆ. ಒಳಗೆ ಇಳಿದದ್ದನ್ನು ಹೇಗೆ ತೊಳೆಯಲಿ? ಯಾದಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಸಜ್ಜೆಯನ್ನು ಬಿಸ್ಕೀಟು ಮಾಡಿ ಬಣ್ಣದ ಪೊಟ್ಟಣದಲ್ಲಿ ಮಾರುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು ಎಂದು ಬರೆದಿರುತ್ತದೆ. ಪರಿಸರದ ದಿನ ಶಾಲೆಯಲ್ಲಿ ಸಸಿ ನೆಡುತ್ತಾರೆ. ಸಸಿ ಒಂದು, ಫೋಟೋಕ್ಕೆ ಹಿಡಿದ ಕೈ ಹತ್ತಾರು. ಸಿಟ್ಟಿನಿಂದ ಹೇಳುತ್ತಿಲ್ಲ. ರೈತನನ್ನು ಬೈಯುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು. ಹುಳ ಮುಟ್ಟಿದ ಕಾಳನ್ನು ಅಡತಿ ಅಂಗಡಿಯ ವ್ಯಾಪಾರಿ ಅತ್ತ ಸರಿಸುತ್ತಾನೆ. ಕಳೆ ಕೀಳುವ ಹೆಂಗಸರು ಭತ್ತದ ನಾಟಿಗೆ ಗಾಡಿ ಹತ್ತಿ ಹೋಗುತ್ತಾರೆ, ಅಲ್ಲಿ ಕೂಲಿ ಹೆಚ್ಚು, ಯಾಕೆ ಹೋಗಬಾರದು? ಮಲ್ಲಣ್ಣ ಒಬ್ಬನೇ ಏನು ಮಾಡಿಯಾನು? ಈಗಂತೂ ಮೇಲಿನಿಂದ ಹಾರುತ್ತ ಎಣ್ಣೆ ಹೊಡೆಯುವ ಡ್ರೋನ್ ಬಂದಿದೆ. ನೀವು ನೋಡಿದ್ದರೆ ದೊಡ್ಡ ದುಂಬಿ ಎಂದು ಸೆರಗು ಬೀಸುತ್ತಿದ್ದಿರಿ.

ಈ ಸಲ ಕಡ್ಲಿ ಬಿತ್ತುವ ಮುಂಜಾನೆ, ಮಲ್ಲಣ್ಣ ರೊಟ್ಟಿ ತಿನ್ನುತ್ತಿದ್ದಾಗ ಮಾತು ತೆಗೆದೆ. ಬೇವಿನ ಗಿಡದ ಕಡೆಯ ಪಟ್ಟಿ ನನಗೆ ಬಿಡು, ಅದಕ್ಕೆ ಎಣ್ಣಿ ಮುಟ್ಟಿಸಬೇಡ ಅಂದೆ.

"ಹೂವಿನಾಗ ಕೀಡಿ ಬಿತ್ತಂದ್ರ ಏನ್ ಮಾಡ್ತಿಯವ್ವಾ, ಭಜನಿ ಮಾಡ್ತಿಯೇನು?"

"ಬೇವಿನ ಬೀಜ ಕುಟ್ಟಿ ಹೊಡಿತೀನಿ. ನಡುನಡುವ ಜೋಳ ಹಾಕು, ಹಕ್ಕಿ ಕೂಡ್ತಾವ. ನಿಮ್ಮಜ್ಜಿ ಹಂಗ ಮಾಡ್ತಿದ್ಳು."

"ಅಜ್ಜಿ ಕಾಲ ಬ್ಯಾರೆ ಇತ್ತು. ಆತು, ನೀ ಅಂದಂಗ ಬಿಡ್ತೀನಿ ತಗೊ. ಆದ್ರ ಗಾಳಿಗಿ ಯಾರು ಹೇಳ್ತಾರ? ರಸೂಲ್‌ ಮಾಮಾ ಹೊಡದ್ರ ಎಲ್ಲಾ ಇಲ್ಲೇ ಬರ್ತದ."

ಅವನ ಮಾತು ಖರೆ ಇತ್ತು. ಗಾಳಿಗೆ ಬದು ಎಲ್ಲಿದೆ? ಹಾಗಾಗಿ ಮಂಡಿನೋವು ಹೊತ್ತುಕೊಂಡು ಚಾಂದ್‌ಬಿಯ ಮನೆಗೆ ಹೋದೆ. ರಸೂಲ್‌ಸಾಬರು ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ವಿಷಯ ಕೇಳಿ, "ಶಾಂತವ್ವಾ, ಪಲ್ಯಕ್ಕೋಸ್ಕರ ಫಸಲು ಬಿಡಂತೀರೇನ್ರಿ?" ಎಂದು ತಲೆ ಅಲ್ಲಾಡಿಸಿದರು. ಒಳಗಿನಿಂದ ಚಾಂದ್‌ಬಿ ಬಂದಳು.

"ಏಜೀ, ಪ್ರತಿ ವರ್ಷ ಅವರ ಮನಿ ಭಜ್ಜಿ ಬಟ್ಟಲ ನೆಕ್ಕಿ ತಿಂತೀರಿ. ಹೋದ ವರ್ಷ ಬಟ್ಟಲ ಯಾಕ ಬರಲಿಲ್ಲ ಅಂತ ಯಾರು ಕೇಳಿದ್ರು? ನೀವೇ ಅಲ್ಲಾ?"

ರಸೂಲ್‌ಸಾಬರು ಚಹಾದ ಬಸಿಯನ್ನು ಕೆಳಗಿಟ್ಟರು. "ಬದುವಿನ ಬಾಜು ಸಾಲು ಬಿಡ್ತೀನಿ. ಆದ್ರ ಹುಳ ಬಿದ್ರ ಇಬ್ರೂ ಬಂದು ಕೈಲೇ ಆರಿಸ್ಬೇಕು, ನೋಡ್ರಿ ಮತ್ತ!"

ಹುಳ ಬಿದ್ದೇ ಬಿದ್ದವು, ಅತ್ತೀ. ನಾವಿಬ್ಬರು ಮುದುಕಿಯರು ಬಿಸಿಲೇರುವ ಮುಂಚೆ ಡಬ್ಬಿ ಹಿಡಿದು ಸಾಲಿನೊಳಗೆ ಕೂಡುತ್ತಿದ್ದೆವು. ದಾರಿಯಲ್ಲಿ ಹೋಗುವವರು ನಕ್ಕರು. ಬೇವಿನ ಕಷಾಯದ ವಾಸನೆ ಸೀರೆಯಿಂದ ಇನ್ನೂ ಹೋಗಿಲ್ಲ. ಆ ಪಟ್ಟಿಯಲ್ಲಿ ತೂತು ಬಿದ್ದ ಕಾಯಿ ಬಹಳ ಇವೆ, ಮಲ್ಲಣ್ಣ ದಿನವೂ ಒಂದನ್ನು ತಂದು ನನ್ನ ಮುಂದೆ ಹಿಡಿಯುತ್ತಾನೆ. ಉಳಿದ ಹೊಲಕ್ಕೆಲ್ಲ ಅವನು ಎಣ್ಣೆ ಹೊಡೆದ, ಗಾಳಿ ನಮ್ಮ ಕಡೆ ಇಲ್ಲದ ದಿನ ನೋಡಿ ಹೊಡೆದ. ನಾನು ಬೇಡ ಅನ್ನಲಿಲ್ಲ. ಇದಕ್ಕೆ ಹೋರಾಟ ಅನ್ನುತ್ತಾರೋ ಇಲ್ಲವೋ ಗೊತ್ತಿಲ್ಲ. ನನ್ನ ಕೈಗೆ ಎಟುಕಿದ್ದು ಬೇವಿನ ನೆರಳಿನ ಒಂದು ಪಟ್ಟಿ, ಅಷ್ಟೇ.

ನಿನ್ನೆ ಎಳ್ಳ ಅಮಾವಾಸ್ಯೆ ಆಯಿತು. ನಿಮ್ಮ ಹಾಗೆಯೇ ಮೆಲ್ಲಗೆ ನಡೆದು ಚರಗ ಚೆಲ್ಲಿದೆ. ಹಕ್ಕಿ ಇಳಿದವು, ಕೈ ಬೀಸಲಿಲ್ಲ. ರಸೂಲ್‌ಸಾಬರ ಮನೆಗೆ ಭಜ್ಜಿಯ ಬಟ್ಟಲು ಹೋಯಿತು. ಸುಜಾತಾ ಬಂದಿದ್ದಳು. ನಿಮಗೆ ಗೊತ್ತಿಲ್ಲದ ಸುದ್ದಿ ಇದು: ಅವಳು ಈಗ ಐದು ತಿಂಗಳ ಬಸುರಿ. ಶಹಾಪುರದಲ್ಲಿ ಊಟವೇ ಸೇರುತ್ತಿಲ್ಲವಂತೆ, ಹುಳಿ ಹುಳಿ ಏನಾದರೂ ಬೇಕು ಅನ್ನಿಸುತ್ತದಂತೆ. ಬೇವಿನ ಕಡೆಯ ಸಾಲಿನಲ್ಲಿ ಸೊಂಟಕ್ಕೆ ಕೈಕೊಟ್ಟು ಬಾಗಿ ಒಂದು ಕುಡಿ ಚಿವುಟಿದಳು. ಚಿವುಟಿದವಳು ತಿನ್ನದೇ ನನ್ನ ಮುಖ ನೋಡಿದಳು. ಹೋದ ವರ್ಷದ ಏಟು ಅವಳ ಕೈ ಮರೆತಿರಲಿಲ್ಲ.

"ಅಜ್ಜೀ, ಬೋರಿನ ಕಡಿ ಹೋಗಿ ತೊಳಕೊಂಡು ಬರ್ಲೇನು?"

ಅತ್ತೀ, ಆಗ ನನ್ನ ಬಾಯಿಂದ ಬಂದದ್ದು ನಿಮ್ಮ ದನಿ.

"ತೊಳದ್ರ ಹುಳಿ ಹೋಗ್ತದ, ಹುಚ್ಚಿ. ಹಂಗೇ ತಿನ್ನು."

ತಿಂದಳು. ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.