ಮಾರ್ಕೆಲ್ ಬಂದು ಹೋದ ಶನಿವಾರ

ನವೆಂಬರ್ 2, ಬುಧವಾರ

ಲಾಯ್ಡ್‌ನ ನೇರಳೆ ಅಂಗಿಗಳಿಗೆ ಇಸ್ತ್ರಿ. ಒಂದರ ಕಾಲರಿನ ಮೇಲೆ ಮತ್ತೆ ಇಂಕಿನ ಕಲೆ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮರೆತುಬಿಡುತ್ತಾನೆ. ಮದುವೆಯಾದಾಗಿನಿಂದ ಊರು ಬದಲಾಗಿದೆ, ತಂಡ ಬದಲಾಗಿದೆ, ಅಂಗಿಯ ಬಣ್ಣ ಬದಲಾಗಿದೆ. ಕಲೆಯೊಂದೇ ನಿಷ್ಠಾವಂತ.

ಶನಿವಾರ ಮಾರ್ಕೆಲ್ ಬೋಗನ್ ಬರುತ್ತಾನೆ, ತಾಯಿಯ ಜೊತೆ. ಹೈಸ್ಕೂಲಿನ ಕೊನೆಯ ವರ್ಷ. ಅಮೆರಿಕನ್ ಫುಟ್‌ಬಾಲಿನಲ್ಲಿ ಎದುರಾಳಿಯನ್ನು ಹಿಡಿದು ಕೆಡಹುವುದರಲ್ಲಿ ಈ ರಾಜ್ಯದಲ್ಲಿ ಇವನಂಥವನು ಇಲ್ಲವಂತೆ. ದೊಡ್ಡ ದೊಡ್ಡ ಯೂನಿವರ್ಸಿಟಿಗಳೆಲ್ಲ ಆ ಮನೆಯ ಬಾಗಿಲಲ್ಲಿ ಸಾಲು ನಿಂತಿವೆ. ಲಾಯ್ಡ್ ಎರಡು ವರ್ಷದಿಂದ ಅವನ ಹಿಂದೆ ಓಡಾಡಿದ್ದಾನೆ. ನನ್ನನ್ನು ಮದುವೆಯಾಗಲು ಇಷ್ಟು ಓಡಾಡಿರಲಿಲ್ಲ.

ನಮಗೆ ಈ ಹುಡುಗ ಬೇಕೇ ಬೇಕು. ಮಿಂಚುಳ್ಳಿಗಳು (ನಮ್ಮ ಯೂನಿವರ್ಸಿಟಿ ತಂಡ) ಈ ವರ್ಷ ಸೋಲುತ್ತಲೇ ಇದ್ದಾರೆ. ರಕ್ಷಣಾ ಪಡೆಗೆ ಕೋಚ್ ಲಾಯ್ಡ್ ಟಾರ್ವರ್, ನನ್ನ ಗಂಡ. ಎದುರಾಳಿ ಗೆರೆ ದಾಟಿದಾಗಲೆಲ್ಲ ವಿನ್‌ಸ್ಲೇಡ್ ಊರಿಗೆ ಊರೇ ಇವನ ಮುಖ ನೋಡುತ್ತದೆ.

ಗೆದ್ದರೆ ನಮ್ಮ ಕೋಚು,
ಸೋತರೆ ಗಂಟುಮೂಟೆ ಬಾಚು.

ಪರವಾಗಿಲ್ಲ. ಇಸ್ತ್ರಿ ಮಾಡುತ್ತಾ ಹುಟ್ಟಿದ ಪ್ರಾಸಕ್ಕೆ ಇಷ್ಟು ಸಾಕು.

ನವೆಂಬರ್ 3, ಗುರುವಾರ

ಪೈ ಬಂತು.

ಮನೆ ಕೊಡಿಸುವ, ಮಾರಿಸುವ ಪ್ಯಾಟ್ಸಿ ಹೋಲ್ಟ್ ತಂದಳು. ಪೆಕನ್ ಬೀಜದ ಸಿಹಿ ಪೈ, ಇನ್ನೂ ಬೆಚ್ಚಗಿತ್ತು. ಅವಳ ಗಂಡ ತಂಡಕ್ಕೆ ದುಡ್ಡು ಕೊಡುವ ದೊಡ್ಡವರ ಗುಂಪಿನವನು. ಈ ಊರಿನ ಕೋಚ್‌ಗಳ ಹೆಂಡತಿಯರಿಗೆಲ್ಲ ಗೊತ್ತು, ಪ್ಯಾಟ್ಸಿ ಸುಮ್ಮನೆ ಪೈ ಮಾಡುವವಳಲ್ಲ. ಹೋದ ಸಲದ ಪೈ ಎದುರುಮನೆಯ ಕೋಚ್‌ಗೆ ಹೋಗಿತ್ತು. ತಿಂಗಳೊಳಗೆ ಆ ಮನೆ ಖಾಲಿ.

"ಸುಮ್ಮನೆ ಬಂದೆ ಕಣೇ ಟ್ವೈಲಾ. ಬೇಜಾರಾಗಿರ್ತೀಯೇನೋ ಅಂತ."

"ಬೇಜಾರಾಗೋಕೆ ಏನಾಗಿದೆ?"

"ಏನೂ ಇಲ್ಲಪ್ಪ! ಈ ಅಡುಗೆಮನೆ ಕಲ್ಲು ನೀವೇ ಹಾಕ್ಸಿದ್ದಾ? ಬೆಳಕು ಎಷ್ಟು ಚೆನ್ನಾಗಿ ಬರುತ್ತೆ... ಒಂದು ಫೋಟೋ ತಗೊಳ್ಲಾ? ಯಾರೋ ಕೇಳ್ತಿದ್ರು. ಜನವರಿಯೊಳಗೆ ಬೇಕಂತೆ ಅವರಿಗೆ, ಸ್ಟೇಡಿಯಂಗೆ ಹತ್ರ ಇರಬೇಕಂತೆ—"

ತುಟಿ ಕಚ್ಚಿಕೊಂಡಳು. ಫೋಟೋ ಮಾತ್ರ ತೆಗೆದುಕೊಂಡೇ ಹೋದಳು.

ಸ್ಟೇಡಿಯಂಗೆ ಹತ್ತಿರ, ಜನವರಿಯೊಳಗೆ. ಹಾಗಾದರೆ ಲಾಯ್ಡ್‌ನ ಜಾಗಕ್ಕೆ ಬರುವವನು ಆಗಲೇ ಗೊತ್ತಾಗಿದ್ದಾನೆ. ಲಾಯ್ಡ್‌ಗೆ ಮಾತ್ರ ಗೊತ್ತಿಲ್ಲ.

ಒಂದು ತುಂಡು ನಿಂತೇ ತಿಂದೆ. ಚೆನ್ನಾಗಿ ಮಾಡುತ್ತಾಳೆ, ಹಾಳಾದವಳು. ಉಳಿದದ್ದನ್ನು ಕಸದ ಡಬ್ಬಿಯ ತಳಕ್ಕೆ ಸೇರಿಸಿದೆ. ಮೇಲೆ ಪೇಪರ್ ಮುಚ್ಚಿದೆ.

ನವೆಂಬರ್ 4, ಶುಕ್ರವಾರ, ಬೆಳಗ್ಗೆ

ಪೈ ವಿಷಯ ಹೇಳಬೇಕೆಂದೇ ಎದ್ದೆ. ಲಾಯ್ಡ್ ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಾ ಹಾಡುತ್ತಿದ್ದ. ಅವನಿಗೆ ಹಾಡಲು ಬರುವುದಿಲ್ಲ, ಅದಕ್ಕೇ ಖುಷಿಯಾದಾಗ ಮಾತ್ರ ಹಾಡುತ್ತಾನೆ. ಆಗಸ್ಟಿನಿಂದ ಕೇಳಿರಲಿಲ್ಲ.

"ಗ್ರೇಡಿ ಏನಂದ ಗೊತ್ತಾ ಟ್ವೈ?" ಗ್ರೇಡಿ ಹೆಡ್ ಕೋಚ್, ಲಾಯ್ಡ್‌ನ ಮೇಲಿನವನು. "'ಹುಡುಗನ ಕೈಲಿ ಈ ಭಾನುವಾರ ಹೂಂ ಅನ್ನಿಸಿಬಿಡು. ದೊಡ್ಡವರ ಬಾಯಿ ನಾನು ಮುಚ್ಚಿಸ್ತೀನಿ, ಮುಂದಿನ ವರ್ಷನೂ ನೀನೇ' ಅಂದ."

"ಹಾಗಂದನಾ?"

"ಕೈ ಕುಲುಕಿ ಅಂದ."

ಟೈ ಸರಿಮಾಡಿದೆ. ಹೇಳಲಿಲ್ಲ.

ಎರಡೇ ದಾರಿ. ಹುಡುಗ ಒಪ್ಪಿದರೆ ಲಾಯ್ಡ್ ಉಳಿಯಬಹುದು. ಇಲ್ಲವೇ ಹುಡುಗನನ್ನು ಇವನ ಕೈಯಿಂದಲೇ ಹಿಡಿಸಿಕೊಂಡು ಆಮೇಲೆ ಇವನನ್ನು ಬಿಟ್ಟುಬಿಡುತ್ತಾರೆ. ಯಾವುದೆಂದು ಪ್ಯಾಟ್ಸಿಗೆ ಗೊತ್ತಿರಬೇಕು. ಅವಳ ಬಳಿ ಫೋಟೋ ಇದೆ.

ನವೆಂಬರ್ 5, ಶನಿವಾರ, ಬೆಳಗ್ಗೆ ಹತ್ತು

ಬಂದರು. ಮಾರ್ಕೆಲ್ ಬಾಗಿಲಿಗಿಂತ ಅಗಲ, ಒಳಗೆ ಬರುವಾಗ ಓರೆಯಾಗುತ್ತಾನೆ. "ಹೂಂ ಮೇಡಂ, ಇಲ್ಲ ಮೇಡಂ" ಬಿಟ್ಟರೆ ಮಾತಿಲ್ಲ. ಮಾತಿನ ಗುತ್ತಿಗೆ ತಾಯಿಯದು. ಒಡೆಸಾ ಬೋಗನ್ ತನ್ನೂರಲ್ಲಿ ಸ್ವಂತ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕಾರಿನಿಂದ ಇಳಿದವಳ ಮೊದಲ ನೋಟ ನನ್ನ ತಲೆಯ ಮೇಲೆ.

"ಮಿಸ್ ಟ್ವೈಲಾ, ಈ ಕೂದಲು ಕತ್ತರಿಸಿದ್ದು ಯಾರು?"

"ಇಲ್ಲೇ ಊರಲ್ಲಿ."

"ಅವರ ಮೇಲೆ ಕೇಸ್ ಹಾಕಿ."

ಇಷ್ಟವಾದಳು. ಅದೇ ಕಷ್ಟ.

ನವೆಂಬರ್ 6, ಭಾನುವಾರ, ಬೆಳಗ್ಗೆ ಐದೂವರೆ

ಹಿಟ್ಟು ಕಲೆಸಿಟ್ಟಿದ್ದೇನೆ. ಅದು ಉಬ್ಬುವುದರೊಳಗೆ ನಿನ್ನೆಯದನ್ನು ಬರೆದುಬಿಡಬೇಕು.

ನೋಡಲು ಬಂದ ಹುಡುಗರು ಆಡುವ ಹಾಗಿಲ್ಲ, ನಿಯಮ. ಅಂಗಿ ತೊಟ್ಟು ಫೋಟೋ ತೆಗೆಸಿಕೊಳ್ಳಬಹುದು. ಆಟಕ್ಕೆ ಮುಂಚೆ ಮೈದಾನದ ಅಂಚಿನಲ್ಲಿ ನಿಲ್ಲಬಹುದು. ಮಾರ್ಕೆಲ್ ನಿಂತ. ಬ್ಯಾಂಡಿನವರ ಡೋಲು ಶುರುವಾಯಿತು. ಆಮೇಲೆ ವಿದ್ಯಾರ್ಥಿಗಳ ಕಡೆಯಿಂದ ಎದ್ದಿತು—

ಮಾರ್ಕೆಲ್ ಮಾರ್ಕೆಲ್ ಬಾರೋ,
ನೇರಳೆ ಅಂಗೀಲಿ ತೋರೋ!

ಮೊದಲು ಒಂದು ಮೂಲೆ, ಆಮೇಲೆ ಇಡೀ ಸ್ಟೇಡಿಯಂ. ಎದೆಯ ಮೇಲೆ ಒಂದೊಂದು ಅಕ್ಷರ ಬಳಿದುಕೊಂಡ ಹುಡುಗರು ಸಾಲಾಗಿ ನಿಂತು ಅವನ ಹೆಸರಾಗಿದ್ದರು. ಇಬ್ಬರು ಅದಲುಬದಲಾಗಿ ಹೆಸರು ಕೆಟ್ಟಿತ್ತು, ಯಾರೂ ಕೇಳಲಿಲ್ಲ. ಕೂಗು ಕಿವಿಗೆ ಬರುವುದಿಲ್ಲ. ಕಾಂಕ್ರೀಟಿನಿಂದ ಕಾಲಿಗೆ, ಕಾಲಿನಿಂದ ಹಲ್ಲಿಗೆ ಬರುತ್ತದೆ.

"ಅಯ್ಯೋ ದೇವರೇ," ಒಡೆಸಾ ನನ್ನ ತೋಳು ಹಿಡಿದಳು. "ನಮ್ಮ ಚರ್ಚಲ್ಲಿ ಈಸ್ಟರ್ ದಿನನೂ ಯೇಸುಗೆ ಇಷ್ಟು ಕೂಗಲ್ಲಮ್ಮ!"

ಮಾರ್ಕೆಲ್‌ನನ್ನು ನೋಡಿದೆ. ಅಷ್ಟು ದೊಡ್ಡ ಮೈ. ಬಾಯಿ ಮಾತ್ರ ಬಲೂನು ನೋಡಿದ ಮಗುವಿನ ಹಾಗೆ ತೆರೆದುಕೊಂಡಿತ್ತು. ಲಾಯ್ಡ್ ಪಕ್ಕದಲ್ಲಿ ನಿಂತು ಅವನ ಬೆನ್ನ ಮೇಲೆ ಕೈ ಇಟ್ಟಿದ್ದ.

ಆಟ ಶುರು. ಮಾರ್ಕೆಲ್ ಉಳಿದ ಹುಡುಗರ ಜೊತೆ ಕೆಳಗಿನ ಸಾಲಿಗೆ ಹೋದ. ನಾವಿಬ್ಬರು ಮೇಲೆ, ಬೇಯಿಸಿದ ಕಡಲೆಕಾಯಿಯ ಪೊಟ್ಟಣದ ಜೊತೆ. ಮೊದಲರ್ಧ ಸರಿಯಾಗಿಯೇ ಇತ್ತು. ಆಟದ ಮೂರನೇ ಕಾಲುಭಾಗದಲ್ಲಿ ಎದುರಾಳಿ ನಮ್ಮ ರಕ್ಷಣೆಯನ್ನು ಪರದೆ ಸರಿಸಿದಂತೆ ಸರಿಸಿಕೊಂಡು ಹೋದ. ಮತ್ತೆ ಹೋದ. ಮತ್ತೆ. ಜನ ಒಬ್ಬೊಬ್ಬರಾಗಿ ಕೂತರು. ಆಮೇಲೆ ಅದೇ ಮೂಲೆಯಿಂದ, ಅದೇ ಡೋಲು—

ಟಾರ್ವರ್ ಟಾರ್ವರ್ ಹೋಗೋ,
ಬೇರೆ ಊರಿಗೆ ಸಾಗೋ!

ಪ್ರಾಸ ಸರಿಯಾಗಿತ್ತು. ಹೊಟ್ಟೆ ಉರಿದದ್ದು ಅದಕ್ಕೇ.

"ಯಾರನ್ನಮ್ಮ ಬೈತಿರೋದು?" ಡೋಲಿನ ಸದ್ದಲ್ಲಿ ಹೆಸರು ಹಿಡಿಯದೆ ಒಡೆಸಾ ಕೇಳಿದಳು.

"ನಮ್ಮ ಯಜಮಾನ್ರನ್ನ."

"ಇದೇ ಜನ ತಾನೇ ಆಗ ನನ್ನ ಮಗನ್ನ ಕೂಗಿದ್ದು?"

"ಇದೇ ಜನ."

ಸ್ವಲ್ಪ ಹೊತ್ತು ಕಡಲೆಕಾಯಿ ಬಿಡಿಸಿದಳು. ತಿನ್ನಲಿಲ್ಲ. ಆಮೇಲೆ ನನ್ನ ಕಡೆಗೆ ಪೂರ್ತಿ ತಿರುಗಿ ಕೂತಳು.

"ನೋಡಿ ಮಿಸ್ ಟ್ವೈಲಾ. ನನ್ನಕ್ಕನ ಮಗನ್ನೂ ಹೀಗೇ ಒಬ್ಬ ಕೋಚ್ ಕರ್ಕೊಂಡು ಹೋದ. 'ಇವನು ನನ್ನ ಮಗ ಇದ್ದ ಹಾಗೆ' ಅಂದ. ಹುಡುಗ ಪೆಟ್ಟಿಗೆ ಬಿಚ್ಚೋದ್ರೊಳಗೆ ಕೋಚ್ ಪೆಟ್ಟಿಗೆ ಕಟ್ಟಿದ್ದ. ಹೊಸಬ ಇವನ್ನ ತಿರುಗಿ ನೋಡ್ಲಿಲ್ಲ. ಬಿಟ್ಟು ಬೇರೆ ಕಾಲೇಜಿಗೆ ಹೋದ್ರೆ ಒಂದು ವರ್ಷ ಆಡೋ ಹಾಗಿಲ್ಲ. ಈಗ ಕೋಳಿ ಫ್ಯಾಕ್ಟರೀಲಿ ಇದಾನೆ. ನನಗಿರೋದು ಮಾರ್ಕೆಲ್ ಒಬ್ಬನೇ. ಸ್ಟೇಡಿಯಂ ನೋಡಿ ನಾನು ಅವನ್ನ ಇಲ್ಲಿ ಬಿಟ್ಟು ಹೋಗಲ್ಲ, ನಿಮ್ಮ ಯಜಮಾನ್ರನ್ನ ನೋಡಿ ಬಿಟ್ಟು ಹೋಗೋದು. ನೀವು ಹೆಂಗಸು, ನಿಜ ಹೇಳಿ. ಮುಂದಿನ ವರ್ಷ ನೀವು ಇಲ್ಲಿ ಇರ್ತೀರಾ?"

ಕೆಳಗೆ ನೋಡಿದೆ. ಲಾಯ್ಡ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಗೆರೆಯ ಅಂಚಿನಲ್ಲಿ ಬಗ್ಗಿ ನಿಂತಿದ್ದ. ವಿದ್ಯಾರ್ಥಿಗಳ ಕಡೆಯಿಂದ ಯಾರೋ ತಂಪು ಪಾನೀಯದ ಲೋಟ ಎಸೆದರು. ಅವನ ಬೆನ್ನಿಗೆ ಬಿತ್ತು. ತಿರುಗಲಿಲ್ಲ. ಹುಡುಗರಿಗೆ ಕೈಸನ್ನೆ ಮಾಡುತ್ತಲೇ ಇದ್ದ.

ಇರ್ತೀವಿ ಎಂದರೆ ಸಾಕಿತ್ತು. ಗ್ರೇಡಿ ಕೈ ಕುಲುಕಿದ್ದು ನಿಜವಾಗಿದ್ದರೆ ಅದೊಂದು ಮಾತಿಗೆ ನನ್ನ ಗಂಡನ ಕೆಲಸ ಉಳಿಯುತ್ತಿತ್ತು.

"ಈ ವಾರ ಮಾತು ಕೊಡಬೇಡ ಅನ್ನಿ ಅವನಿಗೆ," ಅಂದೆ.

ಒಡೆಸಾ ಬಿಡಿಸಿಟ್ಟ ಕಡಲೆಕಾಯಿಯನ್ನೆಲ್ಲ ನನ್ನ ಅಂಗೈಗೆ ಸುರಿದಳು.

ಹಿಟ್ಟು ಉಬ್ಬಿದೆ.

ಅದೇ ದಿನ, ಮಧ್ಯಾಹ್ನ

ನೋಡಲು ಬಂದವರಿಗೆ ಭಾನುವಾರದ ತಿಂಡಿ ಕೋಚ್ ಮನೆಯಲ್ಲೇ, ಪದ್ಧತಿ. ಬಿಸಿ ರೊಟ್ಟಿ, ಹಂದಿ ತೊಡೆಮಾಂಸ, ಹುರಿದ ಮೀನು, ಮೆಕ್ಕೆಜೋಳದ ಗಂಜಿ.

"ಗಂಜಿಗೆ ಸಕ್ಕರೆ ಹಾಕಿದೀರಾ?" ಒಡೆಸಾ.

"ಚೂರು."

"ಕೂದಲಿಗೆ ಕೇಸ್ ಬೇಡ ಬಿಡಿ. ಇದಕ್ಕೆ ಹಾಕೋಣ."

ಲಾಯ್ಡ್ ಎಲ್ಲರಿಗಿಂತ ಜೋರಾಗಿ ನಕ್ಕ. ನಿನ್ನೆ ಸೋತದ್ದು, ಲೋಟ ಬಿದ್ದದ್ದು ಯಾವುದರ ಸುದ್ದಿಯೂ ಇಲ್ಲ. ಮಾರ್ಕೆಲ್ ಮೂರನೇ ರೊಟ್ಟಿಯ ಅರ್ಧದಲ್ಲಿ ನಿಲ್ಲಿಸಿದ. "ಕೋಚ್, ನಾನು—"

ತಾಯಿ ಅವನ ಮಣಿಕಟ್ಟಿನ ಮೇಲೆ ಕೈ ಇಟ್ಟಳು. "ಬಾಯಲ್ಲಿ ತುತ್ತು ಇಟ್ಕೊಂಡು ಮಾತಾಡಬೇಡ."

ತುತ್ತು ನುಂಗಿದ. ಮಾತನ್ನೂ.

ಲಾಯ್ಡ್ ಕಾದ. ಕಾಫಿ ಮುಗಿಯುವವರೆಗೆ, ಕೋಟು ಹಾಕಿಕೊಳ್ಳುವವರೆಗೆ, ಕಾರು ತಿರುವು ದಾಟುವವರೆಗೆ ಕಾದ. ಒಳಗೆ ಬಂದು ಮೇಜಿನ ಮೇಲಿದ್ದ ಅರ್ಧ ರೊಟ್ಟಿಯನ್ನು ನೋಡುತ್ತಾ ನಿಂತ.

"ಹೇಳೋದರಲ್ಲಿದ್ದ, ಅಲ್ವಾ ಟ್ವೈ?"

ತಟ್ಟೆ ತೊಳೆಯುತ್ತಿದ್ದೆ. ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.

ನವೆಂಬರ್ 7, ಸೋಮವಾರ

ಲಾಯ್ಡ್ ಬೆಳಗ್ಗೆ ಹನ್ನೊಂದಕ್ಕೇ ಮನೆಗೆ ಬಂದ. ನೇರ ಗ್ಯಾರೇಜಿನಿಂದ ಹುಲ್ಲು ಕತ್ತರಿಸುವ ಯಂತ್ರ ತೆಗೆದ. ನವೆಂಬರಿನಲ್ಲಿ ಹುಲ್ಲೆಲ್ಲಿ? ಒಣ ನೆಲದ ಮೇಲೆ ಗೆರೆ ಬಿಡದೆ ಓಡಿಸಿದ. ಪಕ್ಕದವರ ಅಂಗಳವನ್ನೂ.

ಊಟಕ್ಕೆ ಕೂತಾಗ—

"ಗ್ರೇಡಿ ಅಳ್ತಿದ್ದ ಕಣೇ. 'ನಿನ್ನೆ ಆ ಹುಡುಗ ಹೂಂ ಅಂದಿದ್ರೆ ನಿನ್ನ ಉಳಿಸ್ಕೊಳ್ತಿದ್ದೆ' ಅಂದ."

"ನಂಬ್ತೀಯಾ?"

"ಗ್ರೇಡಿ ಯಾಕೆ ಸುಳ್ಳು ಹೇಳ್ತಾನೆ?"

ಗ್ರೇಡಿ ಸುಳ್ಳು ಹೇಳುವುದಿಲ್ಲ ಎಂದು ನಂಬುವವನು ಈ ರಾಜ್ಯದಲ್ಲಿ ಒಬ್ಬನೇ. ಅವನನ್ನು ನಾನು ಮದುವೆಯಾಗಿದ್ದೇನೆ.

ಆದರೆ ನಿಜವೇ ಹೇಳಿದ್ದರೆ...

ನವೆಂಬರ್ 24, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಟರ್ಕಿ ಕೋಳಿ ಇಬ್ಬರಿಗೆ ದೊಡ್ಡದಾಯಿತು. ಊರಿಗೆ ಹೋಗಲಾಗದ ಆಟಗಾರರು ಪ್ರತಿ ವರ್ಷ ನಮ್ಮಲ್ಲೇ ಉಣ್ಣುತ್ತಿದ್ದರು. ಅವರು ಕಾಲು ಚಾಚಿದರೆ ನಡೆಯಲು ದಾರಿ ಇರುತ್ತಿರಲಿಲ್ಲ. ಈ ಸಲ ಅವರಿಗೂ ಮುಜುಗರ, ಯಾರೂ ಬರಲಿಲ್ಲ.

ಲಾಯ್ಡ್ ಹಳೆಯ ಅಭ್ಯಾಸದಂತೆ ಎಲ್ಲ ಕುರ್ಚಿಗಳನ್ನೂ ಹೊರಗೆ ತಂದು ಹಾಕಿದ. ತಿರುಗಿ ಒಳಗಿಡಲು ನಾನು ಸಹಾಯ ಮಾಡಿದೆ.

ಫೆಬ್ರವರಿ 1, ಬುಧವಾರ

ಈಗ ಲಾಯ್ಡ್‌ನ ಅಣ್ಣನ ಊರು, ಅವರ ಮನೆಯ ಹಿಂದಿನ ಎರಡು ಕೋಣೆ. ಲಾಯ್ಡ್ ಅಣ್ಣನ ಟೈರ್ ಅಂಗಡಿಗೆ ಹೋಗುತ್ತಾನೆ. ಟೈರ್ ಕೊಳ್ಳಲು ಬಂದ ಹುಡುಗರನ್ನು ಭುಜದ ಅಗಲ ನೋಡಿ ಮಾತಾಡಿಸುತ್ತಾನಂತೆ. ಬೇರೆ ಕಾಲೇಜುಗಳಿಗೆ ಹಾಕಿದ ಅರ್ಜಿಗಳಿಗೆ ಉತ್ತರವಿಲ್ಲ.

ಇವತ್ತು ಹೈಸ್ಕೂಲು ಹುಡುಗರು ಕಾಲೇಜುಗಳಿಗೆ ಸಹಿ ಹಾಕುವ ದಿನ. ಮಧ್ಯಾಹ್ನ ಫೋನು ಬಂತು, ಲಾಯ್ಡ್ ಎತ್ತಿದ, ನಾನು ಪಕ್ಕದಲ್ಲೇ ಇದ್ದೆ. ಮಾರ್ಕೆಲ್.

"ಕೋಚ್, ಸಹಿ ಹಾಕ್ದೆ."

"ಎಲ್ಲಿಗೆ, ಮಗಾ?"

"ವಿನ್‌ಸ್ಲೇಡ್‌ಗೇ, ಕೋಚ್. ತುಂಬ ಕಡೆ ಹೋಗಿ ನೋಡ್ದೆ. ಆದ್ರೆ ಆ ಸದ್ದು... ಮಲಗಿದ್ರೂ ಕೇಳುತ್ತೆ. ನೀವು ಬೈಕೋಬೇಡಿ."

"ಬೈಕೊಳ್ಳೋದ್ಯಾಕೋ? ಒಳ್ಳೇ ಜಾಗ. ಎಡಗಾಲು ಮೊದಲು ಇಡೋದು ಮರೀಬೇಡ, ನೀನು ಅದೊಂದು ತಪ್ಪು ಮಾಡ್ತೀಯ." ದನಿ ಗಟ್ಟಿಯಾಗಿಯೇ ಇತ್ತು. ಕೈಗೆ ಏನು ಮಾಡಬೇಕೆಂದು ತೋಚದೆ ಫೋನಿನ ತಂತಿಯನ್ನು ಸುತ್ತುತ್ತಾ ಹೋಯಿತು.

ಆಮೇಲೆ ಒಡೆಸಾ ನನಗೆ ಫೋನು ಕೊಡಲು ಹೇಳಿದಳು. ಲಾಯ್ಡ್ ಅಂಗಳಕ್ಕೆ ಹೋಗುವವರೆಗೆ ಬರೀ ಹವೆಯ ಮಾತಾಡಿದೆ.

"ಬೇಡ ಅಂತ ನಾನು ಹೇಳ್ದೆ ಮಿಸ್ ಟ್ವೈಲಾ. ಅತ್ತೂಬಿಟ್ಟೆ. 'ಅಮ್ಮಾ, ಕೋಚ್ ಇಲ್ದಿದ್ರೇನು, ಆ ಜನ ಇದಾರಲ್ಲ' ಅಂದ. ಅವನಿಗೆ ಬೇಕಾಗಿದ್ದೇ ಅವರು. ನಾವು ತಿಳ್ಕೊಂಡಿದ್ದು ಬೇರೆ."

"ಬಿಡಿ. ಅವನು ಚೆನ್ನಾಗಿರ್ಲಿ."

"ನಿಮ್ಮ ಯಜಮಾನ್ರಿಗೆ ಹೇಳಿದೀರಾ?"

"ಇಲ್ಲ."

ಇಬ್ಬರೂ ಫೋನು ಇಡಲಿಲ್ಲ. ಅವಳ ಪಾರ್ಲರಿನಲ್ಲಿ ಕೂದಲು ಒಣಗಿಸುವ ಯಂತ್ರ ಬುಸ್ಸೆನ್ನುತ್ತಿತ್ತು.

ಹೇಗಿದ್ದರೂ ಹುಡುಗ ಅಲ್ಲಿಗೇ ಹೋಗುವವನು. ಅಂದೇ ಹೂಂ ಅನ್ನಲು ಬಿಟ್ಟಿದ್ದರೆ... ಪ್ರಾಸ ಹುಡುಕಿದೆ. ಸಿಗಲಿಲ್ಲ.

ಸೆಪ್ಟೆಂಬರ್ 1, ಶನಿವಾರ, ಸಂಜೆ

ಹೊಸ ಸೀಸನ್ನಿನ ಮೊದಲ ಆಟ, ಟಿವಿಯಲ್ಲಿ. ನೋಡುವುದು ಬೇಡ ಎಂದೆ. ಲಾಯ್ಡ್ ಆಗಲೇ ಕುರ್ಚಿ ಎಳೆದುಕೊಂಡಿದ್ದ. ಕಿವಿಯ ಮೇಲೆ ಪೆನ್ನು.

ಮಾರ್ಕೆಲ್ ಓಡಿ ಬಂದ, ನೇರಳೆ ಅಂಗಿ, ಮೊದಲ ವರ್ಷದವನಾದರೂ ಮೊದಲ ಸಾಲಿನಲ್ಲೇ. ಆ ಕೂಗು ಎದ್ದಿತು. ಇಷ್ಟು ಚಿಕ್ಕ ಪೆಟ್ಟಿಗೆಯಿಂದ ಬಂದರೂ ಕಿಟಕಿಯ ಗಾಜು ನಡುಗಿದಂತಾಯಿತು. ಬಾಯಿ ಹಾಗೇ ತೆರೆದಿತ್ತು ಅವನದು.

"ಎಡಗಾಲು, ಮಗಾ, ಎಡಗಾಲು..." ಲಾಯ್ಡ್ ಟಿವಿಗೆ ಹೇಳುತ್ತಿದ್ದ. ಹುಡುಗ ಎದುರಾಳಿಯನ್ನು ಕೆಡವಿದ. ಲಾಯ್ಡ್ ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದ. ತಟ್ಟುತ್ತಾ ತಟ್ಟುತ್ತಾ ನಿಧಾನವಾದ. ಕೂತ.

"ಒಂದು ಮಾತು ಕೇಳ್ಲಾ ಟ್ವೈ? ಅವತ್ತು ಬೆಳಗ್ಗೆ ತಿಂಡಿ ಹೊತ್ತಲ್ಲಿ ಹೇಳೋಕೆ ಬಾಯಿ ತೆಗೆದಿದ್ದ. ನನ್ನ ಕಣ್ಣಾರೆ ನೋಡ್ದೆ. ಏನಾಯ್ತು ಆಮೇಲೆ? ನಾನೇನು ತಪ್ಪು ಮಾಡ್ದೆ? ವರ್ಷದಿಂದ ಅದೊಂದೇ ಯೋಚನೆ. ನೀನು ಅವರಮ್ಮನ ಪಕ್ಕ ಕೂತಿದ್ದೆಯಲ್ಲ, ನಿನಗೇನಾದ್ರೂ ಗೊತ್ತಾ?"

ನೀರು ತರುತ್ತೇನೆಂದು ಅಡುಗೆಮನೆಗೆ ಬಂದೆ. ನಿಂತೇ ಬರೆಯುತ್ತಿದ್ದೇನೆ. ಟಿವಿಯ ಸದ್ದು ನಿಂತಿತು. ಅವನೇ ಆರಿಸಿರಬೇಕು. ಆಟ ಇನ್ನೂ ಅರ್ಧ ಇದೆ.

ಮತ್ತೆ ಕರೆದ. ಲೋಟ ತುಂಬಿದೆ. ಹೋಗಿ ಅವನ ಎದುರಿಗೇ ಕೂರಬೇಕು, ಪಕ್ಕದಲ್ಲಲ್ಲ. ಮೊದಲು ನೀನು ಯಾವ ತಪ್ಪೂ ಮಾಡಿಲ್ಲ ಅನ್ನಬೇಕು. ಆಮೇಲೆ ಒಡೆಸಾಗೆ ನಾನು ಅಂದದ್ದನ್ನು—

ಬಾಗಿಲಲ್ಲಿ ಬಂದು ನಿಂತಿದ್ದಾನೆ. ಪೆನ್ನು ಇಡುತ್ತೇನೆ.