ಆರ್ಗನ್ನಿನಲ್ಲಿ ಇಲಿ, ಚರ್ಚಿನಲ್ಲಿ ನಮ್ಮ ಮರಿಂಬ

ಅವ್ವಾ,

ನಾವು ಮೂವರೂ ಮರಿಂಬವೂ ಮುರಿಯದೆ ಆಂಟಿಗುವಾ ತಲುಪಿದೆವು. ಇಲ್ಲಿಯ ಚರ್ಚಿನ ಆರ್ಗನ್ನಿನಲ್ಲಿ ಇಲಿ ಸಂಸಾರ ಹೂಡಿದೆ. ಹಾಗಾಗಿ ಹಬ್ಬದ ಬಲಿಪೂಜೆಗೆ ಅದರಲ್ಲಿ ನುಡಿಸಬೇಕಿದ್ದ ಬಾಖ್‌ನ ಸಂಗೀತವನ್ನು ಮೂವರೂ ಸಾಲಾಗಿ ನಿಂತು ನಮ್ಮ ಮರಿಂಬದ ಮರದ ಪಟ್ಟಿಗಳ ಮೇಲೆ ಬಾರಿಸಿದೆವು. ಆರ್ಗನ್ ನುಡಿಸುವ ದೋನ್ ಅನ್ಸೆಲ್ಮೊ ಒಬ್ಬೊಬ್ಬರಿಗೆ ಒಂದೊಂದು ಎಳೆ ಹಾಡಿ ಕಲಿಸಿದರು. ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ತಿರುಗಿ ಹೇಳುವ ಸಂಗೀತ ಅದು. ನಮ್ಮ ಮನೆಯ ಕಥೆ ತಿಳಿಯದ ಅವರು, ಹೇಳುವುದನ್ನು ಎವುಲಾಲಿಯೊ ಅಣ್ಣನಿಗೂ ಉತ್ತರ ಕೊಡುವುದನ್ನು ಫೆರ್ಮಿನ್‌ ಅಣ್ಣನಿಗೂ ಹಂಚಿಬಿಟ್ಟರು.

ಮರಿಂಬದಲ್ಲಿ ಅಪ್ಪ ನಿಲ್ಲುತ್ತಿದ್ದ ಜಾಗಕ್ಕೆ ಜಗಳವಾಡಿ ಮಾತು ಬಿಟ್ಟ ಇವರಿಬ್ಬರು ಹೇಗೆ ಅಭ್ಯಾಸ ಮಾಡುತ್ತಾರೆಂದು ನಿನಗೆ ಗೊತ್ತಲ್ಲ. ನಡುವೆ ನಾನು ನಿಂತು ಟಪಾಲು ಸಾಗಿಸಬೇಕು.

"ಅವನಿಗೆ ಹೇಳು, ನಿಧಾನ ಬಾರಿಸ್ಲಿ."

"ಅವನಿಗೆ ಹೇಳು, ಕಿವಿ ತೊಳ್ಕೊಂಡು ಬರ್ಲಿ."

ಪೂಜೆಯಲ್ಲಿ ಫೆರ್ಮಿನ್ ಅಣ್ಣ ಒಂದು ಪೆಟ್ಟು ಹಿಂದೆ ಬಿದ್ದ. ಮುಗಿದದ್ದೇ ತಡ, ಎವುಲಾಲಿಯೊ ಅಣ್ಣ ನನ್ನ ತಲೆಯ ಮೇಲಿಂದಲೇ ಕೂಗಿದ: "ಲೇ ಫೆರ್ಮಿನ್, ಎಲ್ಲಿ ಸತ್ತಿದ್ದೆ?"

"ನೀನೇ ನಾಯಿ ಅಟ್ಟಿಸ್ಕೊಂಡು ಬಂದಂಗೆ ಓಡಿದ್ಯಲ್ಲಣ್ಣಾ!"

ಪಾದ್ರಿಗಳು ಇಬ್ಬರನ್ನೂ ಹೊರಗೆ ಕಳಿಸಿದರು. ಅಂಗಳದಲ್ಲಿ ಇನ್ನೂ ಅದೇ ನಡೆದಿದೆ.

ನನ್ನ ಕೆಮ್ಮು ವಾಸಿ. ಮರಿಂಬದ ಕೊಳವೆಗೆ ಅಂಟಿಸುವ ಹಂದಿಕರುಳಿನ ಪೊರೆ ಹರಿದಿದೆ, ಹೊಸದು ತೆಗೆದಿಡು. ಗುರುವಾರ ಬರುತ್ತೇವೆ. ಇವರಿಬ್ಬರಿಗೆ ಇನ್ನು ಬೇರೆ ಬೇರೆ ಹೊತ್ತಿಗೆ ಬಡಿಸಬೇಡ. ಮೂರು ತಟ್ಟೆ ಒಟ್ಟಿಗೇ ಇಡು.

ನಿನ್ನ ಕಿರಿಮಗ,
ಅಬೆಲಿನೊ